ಹನ್ನೊಂದು ಮಿನಿ ಡಿವಿ ಕ್ಯಾಸೆಟ್‌ಗಳು

2004ರಲ್ಲಿ ಅಕ್ಕನ ಮದುವೆಗೆಂದು ಅಪ್ಪ ಮಿನಿ ಡಿವಿ ಕ್ಯಾಮ್‌ಕಾರ್ಡರ್ (ಪುಟ್ಟ ಕ್ಯಾಸೆಟ್ಟಿನ ಟೇಪಿನಲ್ಲಿ ಡಿಜಿಟಲ್ ವಿಡಿಯೋ ಹಿಡಿಯುವ ಕ್ಯಾಮೆರಾ) ತಂದಿದ್ದರು. ಮದುವೆ, ಸೀಮಂತ, ಊರ ತೇರು, ಹಿತ್ತಿಲ ಜಗಲಿಯಲ್ಲಿ ಕೂತು ಹಳೇ ಕಥೆ ಹೇಳುವ ಅಜ್ಜಿ, ಎಲ್ಲ ಸೇರಿ ಹನ್ನೊಂದು ಕ್ಯಾಸೆಟ್. ಕಳೆದ ಮಳೆಗಾಲದಲ್ಲಿ ಬೀರು ತೆಗೆದರೆ ಒಂದರ ಟೇಪಿನ ಅಂಚಿಗೆ ಬಿಳಿ ಬೂಷ್ಟು ಹಿಡಿದಿತ್ತು. ಅವತ್ತೇ ಟೇಪುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸುವ ಕೆಲಸಕ್ಕೆ ಕೂತೆ.

ಕ್ಯಾಮೆರಾದ ಯುಎಸ್‌ಬಿ ನಮ್ಮ ಮಾಡೆಲ್‌ನಲ್ಲಿ ಮೆಮೊರಿ ಕಾರ್ಡಿನ ಫೋಟೋಗಳಿಗಷ್ಟೇ. ಅಂಗಡಿಯವರ ಮಾತು ಕೇಳಿ ಹಳದಿ-ಕೆಂಪು-ಬಿಳಿ ಎವಿ ಕೇಬಲ್ಲಿಗೆ ಕ್ಯಾಪ್ಚರ್ ಡಾಂಗಲ್ (ಅನಲಾಗ್ ವಿಡಿಯೋವನ್ನು ಕಂಪ್ಯೂಟರಿಗೆ ಡಿಜಿಟಲ್ ಮಾಡಿ ಕೊಡುವ ಪುಟ್ಟ ಸಾಧನ) ಹಾಕಿದೆ. ಅಕ್ಕನ ಸೀರೆಯ ಜರಿಯೆಲ್ಲ ಮಸುಕಾಯಿತು. ಟೇಪಿನಲ್ಲಿರುವುದು ಮೊದಲೇ ಡಿಜಿಟಲ್. ಅದನ್ನು ಅನಲಾಗ್ ಮಾಡಿ ಮತ್ತೆ ಡಿಜಿಟಲ್ ಮಾಡುವುದು ಯಾಕೆ? ಇದ್ದದ್ದು ಇದ್ದ ಹಾಗೇ ಇಳಿಯಬೇಕೆಂದರೆ ಫೈರ್‌ವೈರ್ ಎಂಬ ಹಳೇ ಡಿಜಿಟಲ್ ಕೇಬಲ್ ಸಂಪರ್ಕ ಬೇಕು. ಕ್ಯಾಮೆರಾದ ಪಕ್ಕದಲ್ಲಿ 'ಡಿವಿ' ಎಂದು ಬರೆದಿರುವ ಪುಟ್ಟ 4 ಪಿನ್ ಪೋರ್ಟ್ ಅದೇ.

ಡೆಸ್ಕ್‌ಟಾಪಿಗೆ ಸೆಕೆಂಡ್ ಹ್ಯಾಂಡ್ ಪಿಸಿಐ ಎಕ್ಸ್‌ಪ್ರೆಸ್ ಫೈರ್‌ವೈರ್ ಕಾರ್ಡ್ ಹಾಕಿ, 4ರಿಂದ 6 ಪಿನ್ನಿನ ಕೇಬಲ್ ತಂದೆ. ಫೈರ್‌ವೈರನ್ನು ಯುಎಸ್‌ಬಿಗೆ ಸಿಕ್ಕಿಸುವ ಅಗ್ಗದ ಅಡಾಪ್ಟರ್ ಮಾತ್ರ ದಯವಿಟ್ಟು ಕೊಳ್ಳಬೇಡಿ, ಅದರಿಂದ ವಿಡಿಯೋ ಬರುವುದಿಲ್ಲ.

ಟೇಪಿನ ವಿಡಿಯೋವನ್ನು ಫೈಲಾಗಿ ಇಳಿಸುವ ಲಿನಕ್ಸಿನ ಡಿವಿಗ್ರ್ಯಾಬ್ ಎಂಬ ಪ್ರೋಗ್ರಾಂ ಬಳಸಿದೆ. ಇಲ್ಲಿ ಅವಸರ ನಡೆಯದು: ಒಂದು ಗಂಟೆಯ ಟೇಪು ಇಳಿಯಲು ಒಂದು ಗಂಟೆಯೇ ಬೇಕು, ಜಾಗ ಸುಮಾರು 13 ಜಿಬಿ. ಪ್ರತಿ ಟೇಪನ್ನೂ ಮೊದಲು ಕೊನೆವರೆಗೆ ಓಡಿಸಿ, ರಿವೈಂಡ್ ಮಾಡಿ, ಆಮೇಲೆ ಪ್ಲೇ ಮಾಡುತ್ತಿದ್ದೆ. ಮೂರನೆಯದರಲ್ಲಿ ಚಿತ್ರವೆಲ್ಲ ಚೌಕ ಚೌಕವಾಗಿ ಒಡೆಯಿತು. ಟೇಪೇ ಹಾಳಾಯಿತೆಂದು ಎದೆ ಧಸಕ್ಕೆಂದಿತು. ಕ್ಲೀನಿಂಗ್ ಕ್ಯಾಸೆಟ್ಟನ್ನು ಹತ್ತು ಸೆಕೆಂಡ್ ಓಡಿಸಿದ ಮೇಲೆ ಸರಿಹೋಯಿತು; ಟೇಪನ್ನು ಓದುವ ಹೆಡ್ ಕೊಳೆಯಾಗಿತ್ತು, ಅಷ್ಟೇ.

ನನಗೆ ತುಂಬಾ ಖುಷಿ ಕೊಟ್ಟದ್ದು ದಿನಾಂಕ. ಶೂಟ್ ಮಾಡಿದ ದಿನ, ಗಂಟೆ, ನಿಮಿಷ ಡಿವಿ ಟೇಪಿನೊಳಗೇ ದಾಖಲಾಗಿರುತ್ತದೆ. ಡಿವಿಗ್ರ್ಯಾಬಿಗೆ 'ಟೈಮ್‌ಸ್ಟ್ಯಾಂಪ್' (ಹೆಸರಿಗೆ ದಿನಾಂಕ ಸೇರಿಸು), 'ಆಟೋಸ್ಪ್ಲಿಟ್' (ತುಣುಕುಗಳಾಗಿ ಬಿಡಿಸು) ಎಂದು ಹೇಳಿದರೆ ಪ್ರತಿ ತುಣುಕೂ ತನ್ನ ದಿನಾಂಕವನ್ನೇ ಹೆಸರಾಗಿಸಿಕೊಂಡು ಬರುತ್ತದೆ. ಎವಿ ಕೇಬಲ್ಲಿನಲ್ಲಿ ಇದು ಸಿಗುತ್ತಿರಲಿಲ್ಲ. ಅಜ್ಜಿಯ ಮಾತುಕತೆ ಯಾವ ವರ್ಷದ್ದೆಂದು ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಫೈಲಿನ ಹೆಸರು ನೋಡಿ ಅಮ್ಮ, "2006ರ ನವೆಂಬರ್... ಅವರು ಹೋಗೋಕೆ ಮೂರು ತಿಂಗಳ ಮುಂಚೆ" ಅಂದರು.

ಮೂಲ ಡಿವಿ ಫೈಲುಗಳನ್ನು ಎರಡು ಹಾರ್ಡ್ ಡಿಸ್ಕಿನಲ್ಲಿ ಇಟ್ಟಿದ್ದೇನೆ. ನೆಂಟರಿಗೆ ಕಳಿಸಲು ಡಿಇಂಟರ್ಲೇಸ್ ಮಾಡಿದ (ಹಳೇ ವಿಡಿಯೋದಲ್ಲಿ ಚಲನೆಯ ಅಂಚಿಗೆ ಕಾಣುವ ಅಡ್ಡಗೆರೆ ತೆಗೆದ) ಚಿಕ್ಕ ಎಂಪಿ4 ಪ್ರತಿಗಳು ಬೇರೆ. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಮಾತ್ರ ಕ್ಯಾಮೆರಾಕ್ಕೆ ಹಾಕಿಲ್ಲ. ಹೆಡ್ಡಿಗೆ ತಗುಲಿದರೆ ಉಳಿದ ಟೇಪುಗಳಿಗೂ ಹರಡುತ್ತದೆ. ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿದೆ. ಅದರ ಮೇಲೆ ಅಪ್ಪನ ಕೈಬರಹದಲ್ಲಿ 'ತೇರು' ಅಂತಿದೆ.