ಪರದೆಯ ಹಿಂದೆ ನಿಂತು ಕೇಳಿದ ಮೇಲೆ

"ಮಾತು ಸರಿಯಾಗಿ ಕೇಳಿಸಲ್ಲ." ನಮ್ಮ ಎರಡನೇ ಚಿತ್ರಮಂದಿರದ ಬಗ್ಗೆ ಈ ದೂರು ತುಂಬಾ ದಿನದಿಂದ ಬರುತ್ತಲೇ ಇತ್ತು. ದೂರು ಬಂದಾಗಲೆಲ್ಲ ಅಲ್ಲಿನ ಮ್ಯಾನೇಜರ್ ವಾಲ್ಯೂಮ್ ಏರಿಸುತ್ತಿದ್ದರು. ಆಗ ಹಾಡು, ಫೈಟು ಕಿವಿಗೆ ಬಡಿಯುವಷ್ಟು ಜೋರಾಗುತ್ತಿತ್ತು, ಇನ್ಯಾರೋ ಎದ್ದು ಬಂದು ಕಡಿಮೆ ಮಾಡಿ ಅನ್ನುತ್ತಿದ್ದರು. ಇಳಿಸಿದರೆ ಮತ್ತೆ ಮಾತು ಮಾಯ.

ತಾತ ಒಂದೇ ಟಾಕೀಸಿನಿಂದ ಶುರು ಮಾಡಿದ್ದರು. ಅಪ್ಪ, ಚಿಕ್ಕಪ್ಪ ಅದನ್ನು ಐದು ಊರಿಗೆ ಬೆಳೆಸಿದರು. ನನ್ನ ಕೈಗೆ ಬಂದಾಗ ಒಟ್ಟು ಎಂಟು ಪರದೆ. ಮೊದಮೊದಲು ನಾನು ನೋಡುತ್ತಿದ್ದದ್ದು ಲೆಕ್ಕವನ್ನು ಮಾತ್ರ: ಎಷ್ಟು ಟಿಕೆಟ್ ಹೋಯಿತು, ಹಂಚಿಕೆದಾರರ ಪಾಲು ಎಷ್ಟು, ಸಿನಿಮಾ ಇನ್ನೊಂದು ವಾರ ಓಡುತ್ತಾ.

ಒಂದು ರಾತ್ರಿ ಕೊನೇ ಶೋ ಮುಗಿದ ಮೇಲೆ ಆಪರೇಟರ್ ಜೊತೆ ಟಾರ್ಚ್ ಹಿಡಿದು ಪರದೆಯ ಹಿಂದೆ ಹೋದೆ. ಅಲ್ಲಿಗೆ ಯಾರೂ ಹೋಗುವುದಿಲ್ಲ. ಪರದೆಯ ತುಂಬ ಸಣ್ಣ ಸಣ್ಣ ತೂತು ಇರುತ್ತವೆ, ಹಿಂದಿನ ಸ್ಪೀಕರಿನ ಸದ್ದು ಅವುಗಳಿಂದಲೇ ಹೊರಗೆ ಬರಬೇಕು. ಪಿಂಕ್ ನಾಯ್ಸ್ ಅಂತ ಒಂದು ಪರೀಕ್ಷೆಯ ಸದ್ದಿದೆ, ದೂರದ ಜಲಪಾತದ ಹಾಗೆ ಒಂದೇ ಸಮನೆ ಕೇಳುತ್ತದೆ. ಅದನ್ನು ಒಂದೊಂದೇ ಸ್ಪೀಕರಿಗೆ ಕೊಟ್ಟು ನೋಡಿದೆವು. ಎಡಗಡೆಯದು ಸರಿ, ಬಲಗಡೆಯದೂ ಸರಿ. ನಡುವಿನದಕ್ಕೆ ಕೊಟ್ಟಾಗ ಮಾತ್ರ ಕಂಬಳಿ ಹೊದೆಸಿದ ಹಾಗೆ ಬರೀ ದಪ್ಪ ಸದ್ದು. ಅದರ ಮೇಲಿನ ಹಾರ್ನಿಗೆ, ಅಂದರೆ ಮೇಲುಸ್ವರ ಹೊರಡಿಸುವ ಕೊಳವೆಗೆ, ಕಿವಿ ಹಚ್ಚಿದೆ. ಏನೂ ಇಲ್ಲ. ಒಳಗೆ ಸದ್ದು ಹುಟ್ಟಿಸುವ ತೆಳು ಪೊರೆ, ಡಯಾಫ್ರಮ್, ಸುಟ್ಟುಹೋಗಿತ್ತು.

ಸಿನಿಮಾದ ಮಾತು ಬಹುಪಾಲು ಬರುವುದು ಆ ನಡುವಿನ ಸ್ಪೀಕರಿನಿಂದ. ಸ, ಶ, ತ, ಚ ಅನ್ನುವ ಅಕ್ಷರಗಳನ್ನು ಬಿಡಿಸಿ ಕೇಳಿಸುವುದು ಹಾರ್ನಿನ ಮೇಲುಸ್ವರ. ಅದು ಸತ್ತಿದ್ದರಿಂದ ಜನರಿಗೆ ದನಿ ಕೇಳಿಸುತ್ತಿತ್ತು, ಅಕ್ಷರ ಕೇಳಿಸುತ್ತಿರಲಿಲ್ಲ. ವಾಲ್ಯೂಮ್ ಎಷ್ಟು ಏರಿಸಿದರೇನು? ಅಂಗೈಯಷ್ಟು ದೊಡ್ಡ ಒಂದು ಬಿಡಿಭಾಗ ಹಾಕಿದ ಮೇಲೆ ಫೇಡರ್, ಅಂದರೆ ವಾಲ್ಯೂಮಿನ ಗುಂಡಿ, 7ರಲ್ಲಿ ಇಟ್ಟು, ಅದೇ ಪಿಂಕ್ ನಾಯ್ಸ್ ಕೊಟ್ಟು, ಸಭಾಂಗಣದ ಮೂರನೇ ಎರಡು ಭಾಗದಷ್ಟು ಹಿಂದೆ ಮೀಟರ್ ಹಿಡಿದು, ಪರದೆ ಹಿಂದಿನ ಎಡ, ಬಲ, ನಡು ಮೂರೂ ಸ್ಪೀಕರನ್ನು ಒಂದೊಂದಾಗಿ 85 ಡೆಸಿಬಲ್‌ಗೆ ಹೊಂದಿಸಿದೆವು. ಮಾತಿನ ದೂರು ಅಲ್ಲಿಗೆ ನಿಂತಿತು. ದುಡ್ಡು ಕೊಟ್ಟು ಬಂದವರು ಇಷ್ಟು ದಿನ ಅರ್ಧ ಸಿನಿಮಾ ಕೇಳಿ ಹೋಗಿದ್ದರಲ್ಲ ಅಂತ ನನಗೆ ಅವತ್ತು ನಿದ್ದೆ ಬರಲಿಲ್ಲ.

ಆಮೇಲೆ ಎಂಟೂ ಪರದೆಯ ಬೆಳಕು ಅಳೆಯಲು ಹೊರಟೆ. 2ಡಿ ಸಿನಿಮಾಕ್ಕೆ ಪರದೆಯ ನಡುವೆ 14 ಫುಟ್‌ಲ್ಯಾಂಬರ್ಟ್ ಬೆಳಕು ಇರಬೇಕು ಅನ್ನುವುದು ಎಲ್ಲರೂ ಒಪ್ಪಿದ ಮಟ್ಟ. ಫುಟ್‌ಲ್ಯಾಂಬರ್ಟ್ ಅಂದರೆ ಪರದೆಯ ಬೆಳಕನ್ನು ಅಳೆಯುವ ಮಾನ. ನಮ್ಮ ಒಂದು ಪರದೆಯಲ್ಲಿ ಸಿಕ್ಕಿದ್ದು 7. ಅರ್ಧ! ಅಲ್ಲಿನ ಆಪರೇಟರ್ ಒಳ್ಳೆ ಕೆಲಸಗಾರ, ಆದರೂ ಗೊತ್ತಾಗಿರಲಿಲ್ಲ. ಪ್ರೊಜೆಕ್ಟರಿನೊಳಗಿನ ಸೆನಾನ್ ಲ್ಯಾಂಪ್ ದಿನಾ ಚೂರು ಚೂರೇ ಮಂಕಾಗುತ್ತದೆ, ದಿನಾ ನೋಡುವ ಕಣ್ಣು ಅದಕ್ಕೆ ಹೊಂದಿಕೊಂಡುಬಿಡುತ್ತದೆ. ಪ್ರೊಜೆಕ್ಟರ್ ಇರುವ ಕ್ಯಾಬಿನ್ನಿನ ಕಿಟಕಿ ಗಾಜನ್ನು ಎರಡೂ ಕಡೆ ಒರೆಸಿದ್ದಕ್ಕೇ ಮೀಟರ್ 8 ತೋರಿಸಿತು. ಉಳಿದದ್ದು ಲ್ಯಾಂಪಿನದೇ ತಪ್ಪು. ನಿಮ್ಮಲ್ಲಿ 3ಡಿ ಇದ್ದರೆ ಇನ್ನೊಂದನ್ನೂ ನೋಡಿಕೊಳ್ಳಿ, 2ಡಿ ಶೋ ಓಡುವಾಗ ಲೆನ್ಸ್ ಮುಂದಿನ 3ಡಿ ಫಿಲ್ಟರ್ ಹಾಗೇ ಉಳಿದಿದ್ದರೆ ಬೆಳಕು ತುಂಬಾ ಕಳೆದುಹೋಗುತ್ತದೆ. ಹಾಂ, ಲ್ಯಾಂಪ್ ಬದಲಿಸುವಾಗ ಮುಖಕ್ಕೆ ಶೀಲ್ಡ್, ಕೈಗೆ ದಪ್ಪ ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಆರಿ ತಣ್ಣಗಾದರೂ ಒಳಗೆ ಗ್ಯಾಸಿನ ಒತ್ತಡ ಇರುತ್ತದೆ, ಸಿಡಿದರೆ ಚೂರುಗಳು ಕಣ್ಣಿಗೇ ಬರುತ್ತವೆ.

ಕಷ್ಟವಾಗಿದ್ದು ಮನೆಯಲ್ಲಿ. "ಉರೀತಾ ಇರೋ ಲ್ಯಾಂಪ್ ಯಾಕೆ ತೆಗೀತೀಯ?" ಅಂದರು ಚಿಕ್ಕಪ್ಪ. ಅವರು ಹೇಳಿದ್ದರಲ್ಲೂ ಅರ್ಥ ಇತ್ತು. ನಮ್ಮಲ್ಲಿ ಒಂದೊಂದು ಊರನ್ನು ಒಬ್ಬೊಬ್ಬರು ನೋಡಿಕೊಳ್ಳುತ್ತಿದ್ದರು, ಲಾಭವನ್ನೂ ಬೇರೆ ಬೇರೆ ಲೆಕ್ಕ ಹಾಕುತ್ತಿದ್ದೆವು, ಹಾಗಾಗಿ ಲ್ಯಾಂಪ್ ಬದಲಿಸಿದವರ ಲೆಕ್ಕ ಆ ತಿಂಗಳು ಕೆಟ್ಟದಾಗಿ ಕಾಣುತ್ತಿತ್ತು, ಇನ್ನೊಂದು ತಿಂಗಳು ಎಳೆದವರು ಬುದ್ಧಿವಂತರು ಅನ್ನಿಸಿಕೊಳ್ಳುತ್ತಿದ್ದರು. ಇದು ಯಾರದೋ ಜಿಪುಣತನ ಅಲ್ಲ, ನಾವು ಲೆಕ್ಕ ಇಟ್ಟ ರೀತಿಯೇ ಹಾಗಿತ್ತು. ಎಂಟೂ ಪರದೆಯ ಗಳಿಕೆಯಿಂದ ಒಂದು ಪಾಲನ್ನು ಮೊದಲೇ ತೆಗೆದು ಒಂದೇ ಖಾತೆಗೆ ಹಾಕಲು ಶುರು ಮಾಡಿದೆವು. ಲ್ಯಾಂಪ್, ಸ್ಪೀಕರ್, ಫಿಲ್ಟರ್ ಎಲ್ಲಾ ಅದರಿಂದಲೇ. ಲ್ಯಾಂಪ್ ಇಷ್ಟು ಗಂಟೆ ಉರಿಯಬೇಕು ಅಂತ ಇರುತ್ತದೆ, ಅದು ಮುಗಿದರೆ ಬದಲಾಗುತ್ತದೆ, ಯಾರನ್ನೂ ಕೇಳುವ ಹಾಗಿಲ್ಲ. ಇದಕ್ಕೆ ಒಪ್ಪಿಸಲು ನನಗೆ ನಾಲ್ಕು ತಿಂಗಳು ಹಿಡಿಯಿತು.

ಒಂದು ಏಟೂ ತಿಂದೆವು. ಸಿನಿಮಾ ತುಂಬಿಸಿ ಓಡಿಸುವ ಯಂತ್ರ, ಅಂದರೆ ಒಂದು ಸರ್ವರನ್ನು, ಇನ್ನೊಂದು ಊರಿಗೆ ಸಾಗಿಸಿದ್ದೆವು, ಹಂಚಿಕೆದಾರರಿಗೆ ತಿಳಿಸುವುದನ್ನು ಮರೆತೆ. ಡಿಜಿಟಲ್ ಸಿನಿಮಾದ ಕೀಲಿ, ಅಂದರೆ ಕೆಡಿಎಂ, ಆಯಾ ಯಂತ್ರಕ್ಕೇ ಮಾಡಿರುತ್ತಾರೆ, ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಅನ್ನುವುದೂ ಅದರಲ್ಲೇ ಇರುತ್ತದೆ. ಬಿಡುಗಡೆ ದಿನ ಮೊದಲ ಶೋಗೆ ಜನ ಬಂದು ಕೂತಿದ್ದಾರೆ, ಸಿನಿಮಾ ತೆರೆಯಲಿಲ್ಲ. ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೂ ನಾನೇ ಹಣ ವಾಪಸ್ ಕೊಟ್ಟೆ. ಈಗ ಬಿಡುಗಡೆಯ ಹಿಂದಿನ ಸಂಜೆ ಎಂಟೂ ಕ್ಯಾಬಿನ್ನಿನಿಂದ ನನಗೆ ಫೋನ್ ಬರಬೇಕು. ಸಿನಿಮಾ ಹೆಸರು, ಯಂತ್ರದ ನಂಬರ್, ಕೀಲಿಯ ಸಮಯ, ಮೂರನ್ನೂ ಓದಿ ಹೇಳುತ್ತಾರೆ.

ಈಗ ಲೇಸರ್ ಪ್ರೊಜೆಕ್ಟರಿಗೆ ಹೋಗುವ ಮಾತು ನಡೆದಿದೆ. ಲ್ಯಾಂಪ್ ಬದಲಿಸುವ ಕಾಟ ಇಲ್ಲ, ಬೆಳಕು ಬೇಗ ಇಳಿಯುವುದೂ ಇಲ್ಲ. ಆದರೆ ಎಂಟಕ್ಕೂ ಒಟ್ಟಿಗೆ ಹಾಕುವಷ್ಟು ದುಡ್ಡು ನಮ್ಮ ಮನೆಯಲ್ಲಿಲ್ಲ. ಮೊದಲು ಯಾವುದಕ್ಕೆ ಅಂತ ಕಳೆದ ವಾರ ಎಲ್ಲರೂ ಕೂತಾಗ ಚಿಕ್ಕಪ್ಪ ಪರದೆಗಳ ಬೆಳಕಿನ ಅಳತೆ ಬರೆದಿಟ್ಟ ಪುಸ್ತಕ ತರಿಸಿ, ಎಲ್ಲಕ್ಕಿಂತ ಕಡಿಮೆ ಬರೆದಿದ್ದ ಊರಿನ ಮೇಲೆ ಬೆರಳಿಟ್ಟರು.