ಸ್ಲೀವ್ ಅಂದರೆ ಯಾವ ಸ್ಲೀವ್?

ಫೋನಿನಲ್ಲಿ ನಾನು ಹೇಳಿದ್ದು ಇಷ್ಟೇ: "55ರ ಶಾಫ್ಟಿಗೆ ಒಂದು ಸ್ಲೀವ್ ಬೇಕು, 22212 ಕೆ ಬೇರಿಂಗಿಗೆ." ಶಾಫ್ಟ್ ಅಂದರೆ ಯಂತ್ರದ ದಂಡ, ಬೇರಿಂಗ್ ಅಂದರೆ ತಿರುಗುವುದು ಸಲೀಸಾಗುವಂತೆ ಅದರ ಮೇಲೆ ಕೂರುವ ಬಳೆ, ಸ್ಲೀವ್ ಅಂದರೆ ಇವೆರಡರ ನಡುವೆ ಕೂರುವ ಕೊಳವೆ. ಮರುದಿನ ಬಂತು. ಒಳ ಅಳತೆ ಸರಿ, ಹೊರಗಿನ ಟೇಪರ್, ಅಂದರೆ ಒಂದು ತುದಿಗೆ ತೆಳುವಾಗುತ್ತ ಹೋಗುವ ಇಳಿಜಾರು, ಅದೂ ಸರಿ, ಉದ್ದಕ್ಕೆ ಸೀಳೂ ಇತ್ತು. ಆದರೆ ಅದು ವಿತ್‌ಡ್ರಾವಲ್ ಸ್ಲೀವ್. ನನಗೆ ಬೇಕಿದ್ದದ್ದು ಅಡಾಪ್ಟರ್ ಸ್ಲೀವ್. ಎರಡರ ವ್ಯತ್ಯಾಸ ಮುಂದೆ ಹೇಳುತ್ತೇನೆ. ಬ್ಲೋವರ್ ಇನ್ನೂ ಒಂದು ದಿನ ನಿಂತಿತು. ಕಳಿಸಿದವರನ್ನು ಬೈಯುವಂತಿರಲಿಲ್ಲ, ಕೇಳಿದವನಿಗೇ ಹೆಸರು ಗೊತ್ತಿರಲಿಲ್ಲ. ಅಂದಿನಿಂದ ನನ್ನ ಹತ್ತಿರ ಕೆಲಸ ಕಲಿಯಲು ಬರುವವರಿಗೆ ಪಾನಾ ಕೊಡುವ ಮೊದಲು ಹೆಸರು ಹೇಳಿಸುತ್ತೇನೆ.

6205 ನಂಬರಿನ ಒಂದು ಬಾಲ್ ಬೇರಿಂಗ್ ಕೈಗೆ ತಗೊಳ್ಳಿ. ಒಳಗಿನ ಬಳೆ ಇನ್ನರ್ ರಿಂಗ್, ಹೊರಗಿನದು ಔಟರ್ ರಿಂಗ್, ನಡುವೆ ಗುಂಡುಗಳು, ಅವು ಒಂದಕ್ಕೊಂದು ಉಜ್ಜದಂತೆ ದೂರ ಇಡುವುದು ಕೇಜ್. ನಾವೆಲ್ಲ ಬಾಯಲ್ಲಿ 'ಇನ್ನರ್ ರೇಸ್, ಔಟರ್ ರೇಸ್' ಅನ್ನುತ್ತೇವೆ, ನಾನೂ ಅನ್ನುತ್ತೇನೆ. ನಿಜವಾಗಿ ರೇಸ್‌ವೇ ಅಂದರೆ ಗುಂಡು ಓಡುವ ಗಾಡಿಜಾಡಿನಂಥ ಹಾದಿ ಮಾತ್ರ. ಇದು ಬರೀ ಮಾತಿನ ಜಗಳವಲ್ಲ. "ಔಟರ್ ರೇಸ್ ಹೋಗಿದೆ" ಅಂತ ಒಬ್ಬ ಬರೆದಿಟ್ಟು ಹೋದರೆ, ಹಾದಿಯ ಚಕ್ಕೆ ಎದ್ದಿದೆಯೋ ಅಥವಾ ರಿಂಗೇ ಹೌಸಿಂಗಿನಲ್ಲಿ, ಅಂದರೆ ಬೇರಿಂಗ್ ಕೂರುವ ಗೂಡಿನಲ್ಲಿ, ಸುತ್ತಿ ಹೊರಮೈ ಸವೆದಿದೆಯೋ? ಮೊದಲನೆಯದಾದರೆ ಹೊಸ ಬೇರಿಂಗ್ ಹಾಕಿ, ಚಕ್ಕೆ ಯಾಕೆ ಎದ್ದಿತು ಅಂತ ಹುಡುಕಬೇಕು. ಎರಡನೆಯದಾದರೆ ಹೊಸ ಬೇರಿಂಗ್ ಹಾಕಿದರೂ ಅದೂ ಸುತ್ತುತ್ತದೆ. ಮೊದಲು ಹೌಸಿಂಗ್ ಅಳೆಯಬೇಕು.

ನಂಬರಿನ ಲೆಕ್ಕ ಸುಲಭ. ಕೊನೆಯ ಎರಡು ಅಂಕಿ 04 ಅಥವಾ ಹೆಚ್ಚಿದ್ದರೆ 5ರಿಂದ ಗುಣಿಸಿ: 05 ಅಂದರೆ 25 ಮಿ.ಮೀ. ಬೋರ್, ಅಂದರೆ ಒಳ ತೂತಿನ ಅಳತೆ. ಅದಕ್ಕಿಂತ ಕೆಳಗಿನ ನಾಲ್ಕನ್ನು ಬಾಯಿಪಾಠ ಮಾಡಲೇಬೇಕು: 00 ಅಂದರೆ 10, 01 ಅಂದರೆ 12, 02 ಅಂದರೆ 15, 03 ಅಂದರೆ 17. 6005, 6205, 6305 ಮೂರರ ಬೋರೂ 25. ಹೊರ ಅಳತೆ ಮಾತ್ರ 47, 52, 62. ಮೊದಲ ಅಂಕಿ ಜಾತಿ, ಎರಡನೆಯದು ಮೈಕಟ್ಟು.

ನಂಬರಿನ ಬಾಲದಲ್ಲಿ ಎರಡು ಝಡ್ ಇದ್ದರೆ ಎರಡೂ ಬದಿ ಶೀಲ್ಡ್, ಅಂದರೆ ಇನ್ನರ್ ರಿಂಗಿಗೆ ತಾಗದೆ ನಿಲ್ಲುವ ತಗಡಿನ ಮುಚ್ಚಳ. 2 ಆರ್‌ಎಸ್ ಇದ್ದರೆ ತಾಗಿಕೊಂಡಿರುವ ರಬ್ಬರ್ ಸೀಲ್. ಇವಕ್ಕೆ ಗ್ರೀಸ್ ಒಳಗೇ ತುಂಬಿ ಬಂದಿರುತ್ತದೆ, ಸೀಮೆಎಣ್ಣೆಯಲ್ಲಿ ತೊಳೆಯುವ ಉತ್ಸಾಹ ಬೇಡ. ಸಿ3 ಅನ್ನುವುದನ್ನು 'ಒಳ್ಳೆ ಕ್ವಾಲಿಟಿ' ಅಂತ ತಿಳಿದವರು ಬಹಳ ಜನ. ಅದು ಗುಣಮಟ್ಟವಲ್ಲ, ಗುಂಡಿಗೂ ಹಾದಿಗೂ ನಡುವಿನ ಸಡಿಲ, ಅಂದರೆ ಕ್ಲಿಯರೆನ್ಸ್, ಸಾಮಾನ್ಯಕ್ಕಿಂತ ಒಂದು ಹೆಜ್ಜೆ ಹೆಚ್ಚು ಅನ್ನುವ ಗುರುತು. ಬಿಸಿಯಾಗುವ ಮೋಟರಿಗೆ ಅದು ಬೇಕಾಗುತ್ತದೆ. ಎಲ್ಲ ಕಡೆಗೂ ಅಲ್ಲ.

ಗುಂಡಿನ ಬದಲು ಓರೆ ಉರುಳೆಗಳಿರುವ ಟೇಪರ್ ರೋಲರ್ ಬೇರಿಂಗಿನಲ್ಲಿ ಹೆಸರೇ ಬದಲಾಗುತ್ತದೆ. ರೋಲರ್ ಸಮೇತ ಇರುವ ಒಳಭಾಗ ಕೋನ್, ಬಿಡಿಯಾಗಿ ಬರುವ ಹೊರ ರಿಂಗ್ ಕಪ್. ಅದರ ಸಡಿಲ ಬರುವಾಗಲೇ ಇರುವುದಿಲ್ಲ, ನಟ್ ಬಿಗಿದು ನೀವೇ ಇಡಬೇಕು. ಶಾಫ್ಟಿನ ಉದ್ದಕ್ಕೆ ಬೀಳುವ ಒತ್ತಡ ಹೊರುವ ಥ್ರಸ್ಟ್ ಬಾಲ್ ಬೇರಿಂಗಿನಲ್ಲಿ ರಿಂಗ್ ಅನ್ನುವುದಿಲ್ಲ, ವಾಷರ್ ಅನ್ನುತ್ತಾರೆ. ಅದರ ಎರಡು ವಾಷರುಗಳೂ ಅವಳಿಗಳ ಹಾಗೆ ಕಾಣುತ್ತವೆ. ವರ್ನಿಯರ್ ಹಿಡಿದು ನೋಡಿ: ಬೋರ್ ಚಿಕ್ಕದಿರುವುದು ಶಾಫ್ಟ್ ವಾಷರ್, ಕೂದಲೆಳೆಯಷ್ಟು ದೊಡ್ಡದಿರುವುದು ಹೌಸಿಂಗ್ ವಾಷರ್. ಅದಲುಬದಲು ಮಾಡಿದರೆ ಶಾಫ್ಟಿನ ಜೊತೆ ತಿರುಗಬೇಕಾದದ್ದು ನಿಂತು, ಶಾಫ್ಟನ್ನೇ ಉಜ್ಜುತ್ತದೆ.

ಈಗ ಕೂರಿಸುವುದು. ಶಾಫ್ಟ್ ತಿರುಗುತ್ತಿದ್ದು, ಹೊರೆ ಒಂದೇ ದಿಕ್ಕಿನಿಂದ ಬೀಳುತ್ತಿದ್ದರೆ ಇನ್ನರ್ ರಿಂಗ್ ಬಿಗಿ ಇರಬೇಕು, ಔಟರ್ ಸ್ವಲ್ಪ ಸಡಿಲ. ಶಾಫ್ಟ್ ನಿಂತು ಚಕ್ರ ತಿರುಗುವ ಕಡೆ ಇದು ಉಲ್ಟಾ. ಯಾವ ರಿಂಗ್ ಬಿಗಿಯೋ ಆ ರಿಂಗಿನ ಮೇಲೆಯೇ ಒತ್ತಬೇಕು. ಔಟರಿಗೆ ಹೊಡೆದು ಇನ್ನರನ್ನು ಶಾಫ್ಟಿಗೆ ಏರಿಸಿದರೆ ಅಷ್ಟೂ ಪೆಟ್ಟು ಗುಂಡುಗಳ ಮೂಲಕ ಹಾದು ಹೋಗುತ್ತದೆ, ಹಾದಿಯಲ್ಲಿ ಸಾಲಾಗಿ ಸಣ್ಣ ತಗ್ಗು ಬೀಳುತ್ತದೆ. ಹೊಸ ಬೇರಿಂಗ್ ಮೊದಲ ದಿನವೇ ಗುರ್ ಅನ್ನುವುದಕ್ಕೆ ನಾನು ಕಂಡ ಕಾರಣಗಳಲ್ಲಿ ಇದೇ ಹೆಚ್ಚು. ಬಿಗಿ ಜಾಸ್ತಿ ಇದ್ದರೆ ಬಿಸಿ ಮಾಡಿ. 60ರ ಬೋರ್ 80 ಡಿಗ್ರಿ ಬಿಸಿ ಏರಿದರೆ ಸುಮಾರು 0.06 ಮಿ.ಮೀ. ಹಿಗ್ಗುತ್ತದೆ, ತಾನಾಗಿ ಜಾರಿ ಕೂರುತ್ತದೆ. ಬೇರಿಂಗಿನ ಬಿಸಿ 110 ಡಿಗ್ರಿ ದಾಟಲು ನಾನು ಬಿಡುವುದಿಲ್ಲ. ಗ್ಯಾಸ್ ಕಟರ್ ಹತ್ತಿರವೂ ತರಬೇಡಿ.

ಬೇರಿಂಗ್ ಒರಗುವ ಶಾಫ್ಟಿನ ಸ್ಟೆಪ್ಪಿನ ಮೂಲೆ ಗುಂಡಗಿರುತ್ತದೆ. ಆ ತಿರುವು ಬೇರಿಂಗಿನ ಛೇಂಫರಿಗಿಂತ, ಅಂದರೆ ಅದರ ಅಂಚಿನ ಮೊನೆ ತೆಗೆದ ಭಾಗಕ್ಕಿಂತ, ಸಣ್ಣದಿರಬೇಕು. ಇಲ್ಲದಿದ್ದರೆ ರಿಂಗ್ ಸ್ಟೆಪ್ಪಿಗೆ ತಾಗುವ ಮೊದಲೇ ಮೂಲೆಗೆ ತಾಗಿ ವಾರೆಯಾಗುತ್ತದೆ.

ಸ್ಟೆಪ್ಪೇ ಇಲ್ಲದ ನುಣುಪು ಶಾಫ್ಟಿಗೆ ಬರುವುದು ಅಡಾಪ್ಟರ್ ಸ್ಲೀವ್. ನಂಬರಿನ ಬಾಲದಲ್ಲಿ ಕೆ ಇದ್ದರೆ ಬೋರ್ 12ಕ್ಕೆ 1ರ ಟೇಪರ್. ಅಡಾಪ್ಟರಿನಲ್ಲಿ ಥ್ರೆಡ್ ಇರುವುದು ತೆಳು ತುದಿಗೆ. ನಟ್ ಬಿಗಿದಂತೆ ಬೇರಿಂಗ್ ದಪ್ಪದ ಕಡೆಗೆ ಏರುತ್ತದೆ. ವಿತ್‌ಡ್ರಾವಲ್‌ನಲ್ಲಿ ಥ್ರೆಡ್ ದಪ್ಪ ತುದಿಗೆ. ಅಲ್ಲಿ ಬೇರಿಂಗ್ ಸ್ಟೆಪ್ಪಿಗೆ ಒರಗಿ ನಿಂತಿರುತ್ತದೆ, ಸ್ಲೀವನ್ನೇ ಅದರಡಿ ದೂಡಬೇಕು. ಆ ಥ್ರೆಡ್ಡಿಗೆ ನಟ್ ಹಾಕುವುದು ಮುಂದೆಂದೋ ಸ್ಲೀವ್ ಕಿತ್ತು ತೆಗೆಯುವಾಗ. ಎರಡನ್ನೂ ಕಣ್ಣಿನಲ್ಲೇ ಬೇರ್ಪಡಿಸಲು ಇದೊಂದು ಗುರುತು ಸಾಕು.

ಎಷ್ಟು ಬಿಗಿಯಬೇಕು ಅನ್ನುವುದಕ್ಕೆ ತೋಳಿನ ಬಲ ಅಳತೆಯಲ್ಲ. ಬೇರಿಂಗ್ ಅರ್ಧ ಮಿ.ಮೀ. ಏರಿದರೆ ಅದರಡಿಯ ಟೇಪರ್ 0.04ರಷ್ಟು ದಪ್ಪವಾಗುತ್ತದೆ, ಒಳಗಿನ ಕ್ಲಿಯರೆನ್ಸ್ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಹಾಗಾಗಿ ಬಿಗಿಯುವ ಮೊದಲು ಫೀಲರ್ ಗೇಜ್, ಅಂದರೆ ದಪ್ಪ ಗೊತ್ತಿರುವ ತೆಳು ತಗಡು, ತೂರಿಸಿ ಆ ಕ್ಲಿಯರೆನ್ಸ್ ಅಳೆದು ಬರೆದುಕೊಳ್ಳಿ, ನಡುನಡುವೆ ಮತ್ತೆ ಅಳೆಯಿರಿ. 22212 ಕೆಗೆ 0.03ರಿಂದ 0.04 ಇಳಿದರೆ ನಿಲ್ಲಿಸುತ್ತೇನೆ.

ಪ್ಲಮ್ಮರ್ ಬ್ಲಾಕ್, ಅಂದರೆ ಬೋಲ್ಟ್ ಹಾಕಿ ಕೂರಿಸುವ ಬಿಡಿ ಹೌಸಿಂಗ್, ತೆರೆದಾಗ ಬೇರಿಂಗಿನ ಪಕ್ಕದಲ್ಲಿ ಎರಡು ಬಳೆ ಸಿಕ್ಕರೆ ಅವು ಲೊಕೇಟಿಂಗ್ ರಿಂಗ್. ಅವಿರುವ ಬದಿ ಫಿಕ್ಸೆಡ್, ಅಲ್ಲಿ ಬೇರಿಂಗ್ ಸರಿಯದು. ಇಲ್ಲದ ಬದಿ ಫ್ಲೋಟಿಂಗ್, ಅಲ್ಲಿ ಸರಿಯಬಹುದು. "ಈ ಬದಿಯಲ್ಲಿ ಯಾರೋ ಹಾಕಲು ಮರೆತಿದ್ದಾರೆ" ಅಂತ ಎರಡೂ ಕಡೆ ಹಾಕಿದ ಪುಣ್ಯಾತ್ಮನನ್ನು ನೋಡಿದ್ದೇನೆ. ಎರಡು ಮೀಟರ್ ಶಾಫ್ಟ್ ಹೌಸಿಂಗಿಗಿಂತ 40 ಡಿಗ್ರಿ ಹೆಚ್ಚು ಕಾದರೆ ಹೆಚ್ಚುಕಡಿಮೆ ಒಂದು ಮಿ.ಮೀ. ಉದ್ದವಾಗುತ್ತದೆ. ಹೋಗಲು ಜಾಗವಿಲ್ಲದೆ ಅದು ಎರಡೂ ಬೇರಿಂಗುಗಳನ್ನು ಅಡ್ಡಡ್ಡ ಒತ್ತಿತು. ಶಾಫ್ಟ್ ಬಾಗಿದರೂ ಹೊಂದಿಕೊಳ್ಳುವ ಸೆಲ್ಫ್ ಅಲೈನಿಂಗ್ ಬಾಲ್ ಬೇರಿಂಗನ್ನು 1907ರಲ್ಲಿ ಕಂಡುಹಿಡಿದ ಸ್ವೆನ್ ವಿಂಗ್‌ಕ್ವಿಸ್ಟ್ ಸ್ವೀಡನ್ನಿನ ಬಟ್ಟೆ ಗಿರಣಿಯೊಂದರ ಎಂಜಿನಿಯರ್, ನಮ್ಮ ಹಾಗೇ ಯಂತ್ರ ನಿಂತರೆ ಉತ್ತರ ಹೇಳಬೇಕಾದವನು. ಆದರೆ ಅವನ ಬೇರಿಂಗೂ ಬಾಗಿದ್ದನ್ನು ಸಹಿಸೀತು, ಉದ್ದವಾದದ್ದನ್ನು ಸಹಿಸಲಾರದು.

ಕೊನೆಗೆ ನಟ್ ಸಡಿಲವಾಗದಂತೆ ತಡೆಯುವ ಲಾಕ್ ವಾಷರ್. ಅದರ ಒಂದು ನಾಲಿಗೆಯನ್ನು ನಟ್ಟಿನ ತೋಡಿನೊಳಗೆ ಮಡಿಸಬೇಕು. ನಾಲಿಗೆ ತೋಡಿಗೆ ನೇರ ಬರದಿದ್ದರೆ ನಟ್ಟನ್ನು ಹಿಂದಕ್ಕೆ ಬಿಡಬೇಡಿ. ತುಸು ಮುಂದಕ್ಕೆ ಬಿಗಿದು ಹೊಂದಿಸಿ, ಫೀಲರನ್ನು ಇನ್ನೊಮ್ಮೆ ತೂರಿಸಿ ನೋಡಿ. ಹಳೆಯ ವಾಷರಿನ ನಾಲಿಗೆಯನ್ನು ನೆಟ್ಟಗೆ ಮಾಡಿ ಮತ್ತೆ ಮಡಿಸಿದರೆ ಅದು ಮುರಿಯುವುದು ಖಚಿತ, ಯಾವಾಗ ಅನ್ನುವುದೊಂದೇ ಪ್ರಶ್ನೆ. ಈಗ ನಾನು ಫೋನಿನಲ್ಲಿ ಹೇಳುವುದು ಹೀಗೆ: "ಅಡಾಪ್ಟರ್ ಸ್ಲೀವ್ ಎಚ್ 312, ನಟ್ ಮತ್ತು ವಾಷರ್ ಸಮೇತ."