ಒಂದು ಮೀಟರ್ ಕೋಲಿನಿಂದ ನಿಜವಾದ ನಡುಹಗಲನ್ನೂ ಭೂಮಿಯ ಸುತ್ತಳತೆಯನ್ನೂ ಕಂಡುಹಿಡಿಯುವುದು ಹೇಗೆ?

ಬೆಂಗಳೂರಿನಲ್ಲಿ ಗಡಿಯಾರ ಹನ್ನೆರಡು ಹೊಡೆದಾಗ ಸೂರ್ಯ ಆ ದಿನದ ತನ್ನ ಅತಿ ಎತ್ತರದ ಸ್ಥಾನವನ್ನು ಇನ್ನೂ ಮುಟ್ಟಿರುವುದಿಲ್ಲ. ಈ ಮಾತು ವರ್ಷದ ಎಲ್ಲ ದಿನಗಳಿಗೂ ಅನ್ವಯಿಸುತ್ತದೆ. ಅಲ್ಲಿ ನಿಜವಾದ ನಡುಹಗಲು ಅತಿ ಬೇಗ ಬರುವುದು ನವೆಂಬರ್ ಮೊದಲ ವಾರದಲ್ಲಿ, ಸುಮಾರು 12.03ಕ್ಕೆ, ಅತಿ ತಡವಾಗಿ ಬರುವುದು ಫೆಬ್ರುವರಿ ಎರಡನೆಯ ವಾರದಲ್ಲಿ, ಸುಮಾರು 12.34ಕ್ಕೆ. ಮಂಗಳೂರಿನಲ್ಲಂತೂ ಪ್ರತಿದಿನವೂ ಬೆಂಗಳೂರಿಗಿಂತ 11 ನಿಮಿಷ ತಡ. ಇನ್ನು ನಡುಹಗಲೆಂದರೆ ಸೂರ್ಯ ನೆತ್ತಿಯ ಮೇಲೆ ಇರುವುದು ಎಂದು ನಾವು ಆಡುವ ಮಾತು ಕರ್ನಾಟಕದ ಯಾವುದೇ ಊರಿನಲ್ಲಿ ವರ್ಷಕ್ಕೆ ಎರಡೇ ದಿನ ನಿಜವಾಗುತ್ತದೆ. ಇವನ್ನೆಲ್ಲ ನಂಬಬೇಕಾಗಿಲ್ಲ, ಅಳೆದು ನೋಡಬಹುದು. ಅದಕ್ಕೆ ದೂರದರ್ಶಕ ಬೇಡ, ಬಿಸಿಲು ಬೀಳುವ ತಾರಸಿ ಮತ್ತು ಒಂದು ಕೋಲು ಸಾಕು.

ಗಡಿಯಾರಕ್ಕೂ ಸೂರ್ಯನಿಗೂ ಹೊಂದಾಣಿಕೆಯಾಗದಿರಲು ಎರಡು ಕಾರಣಗಳಿವೆ. ಮೊದಲನೆಯದು, ಭಾರತದ ಕಾಲಮಾನವನ್ನು ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾದುಹೋಗುವ 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಸಲಾಗಿದೆ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕಾಗುವುದರಿಂದ, 77.6 ಡಿಗ್ರಿಯಲ್ಲಿರುವ ಬೆಂಗಳೂರಿಗೆ ಸುಮಾರು 20 ನಿಮಿಷ, ಇನ್ನೂ ಪಶ್ಚಿಮಕ್ಕಿರುವ ಮಂಗಳೂರಿಗೆ ಸುಮಾರು 31 ನಿಮಿಷ ವಿಳಂಬವಾಗುತ್ತದೆ. ಎರಡನೆಯದು, ಭೂಮಿಯ ಅಕ್ಷ ವಾಲಿರುವುದು ಮತ್ತು ಅದರ ಕಕ್ಷೆ ನಿಖರವಾದ ವೃತ್ತವಲ್ಲದಿರುವುದು; ಇವೆರಡೂ ಸೇರಿ ಸೂರ್ಯನನ್ನು ವರ್ಷದ ಒಂದು ಕಾಲದಲ್ಲಿ ಗಡಿಯಾರಕ್ಕಿಂತ 16 ನಿಮಿಷ ಮುಂದೆಯೂ ಇನ್ನೊಂದು ಕಾಲದಲ್ಲಿ 14 ನಿಮಿಷ ಹಿಂದೆಯೂ ಇರಿಸುತ್ತವೆ. ಪಂಚಾಂಗದ ಅಭಿಜಿನ್ ಮುಹೂರ್ತವನ್ನು ಎಣಿಸುವುದು ಗಡಿಯಾರದ ಹನ್ನೆರಡರಿಂದಲ್ಲ, ಈ ನಿಜವಾದ ನಡುಹಗಲಿನಿಂದ.

ಸಿದ್ಧತೆ

ನೇರವಾದ, ಒಂದು ಮೀಟರ್ ಎತ್ತರದ ಕೋಲು, ಅದನ್ನು ಅಲುಗಾಡದಂತೆ ನಿಲ್ಲಿಸಲು ಮರಳು ತುಂಬಿದ ಡಬ್ಬಿ, ಗಾರೆ ಕೆಲಸದವರು ಗೋಡೆಯ ನೇರ ನೋಡಲು ಬಳಸುವ ತೂಕುಗುಂಡು, ದಾರ, ಸೀಮೆಸುಣ್ಣ ಮತ್ತು ಟೇಪನ್ನು ಹೊಂದಿಸಿಕೊಳ್ಳಿ. ತೂಕುಗುಂಡು ಸಿಗದಿದ್ದರೆ ದಾರಕ್ಕೆ ಒಂದು ನಟ್ಟನ್ನು ಕಟ್ಟಿದರೂ ಆದೀತು. ನೆಲ ಸಮತಟ್ಟಾಗಿರಬೇಕು. ಮಳೆನೀರು ಹರಿದುಹೋಗಲೆಂದು ತಾರಸಿಗಳಿಗೆ ಇಳಿಜಾರು ಕೊಟ್ಟಿರುವುದರಿಂದ, ಒಂದು ಹಲಗೆಯನ್ನು ಹಾಸಿ ರಸಮಟ್ಟದಿಂದ ಸರಿಪಡಿಸಿಕೊಳ್ಳುವುದು ಲೇಸು. ಈ ಕೆಲಸದಲ್ಲಿ ನೋಡಬೇಕಾದದ್ದು ನೆರಳನ್ನು ಮಾತ್ರ; ಸೂರ್ಯನನ್ನು ನೇರವಾಗಿ ನೋಡುವ ಪ್ರಸಂಗ ಎಲ್ಲಿಯೂ ಬರುವುದಿಲ್ಲ, ಮಕ್ಕಳಿಗೂ ಅದನ್ನು ಮೊದಲೇ ಹೇಳಿರಬೇಕು.

ನೆರಳಿನ ತುದಿಯನ್ನು ಗುರುತಿಸಲು ಹೋದೊಡನೆ ಒಂದು ತೊಡಕು ಎದುರಾಗುತ್ತದೆ. ಸೂರ್ಯ ಬಿಂದುವಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲದ ಬಿಂಬ. ಆದ್ದರಿಂದ ಒಂದು ಮೀಟರ್ ದೂರದಲ್ಲಿ ಬೀಳುವ ನೆರಳಿನ ಅಂಚು ಸುಮಾರು 9 ಮಿಲಿಮೀಟರ್ ಅಗಲಕ್ಕೆ ಮಸುಕಾಗಿಯೇ ಇರುತ್ತದೆ, ಮತ್ತು ತುದಿ ಎಲ್ಲಿದೆ ಎಂಬ ಬಗ್ಗೆ ನೋಡುವ ಇಬ್ಬರು ಒಮ್ಮತಕ್ಕೆ ಬರುವುದಿಲ್ಲ. ಇದಕ್ಕೆ ಪರಿಹಾರ ಸುಲಭವಾಗಿದೆ. ದಪ್ಪ ರಟ್ಟಿನ ತುಂಡಿನಲ್ಲಿ ಎರಡು ಮೂರು ಮಿಲಿಮೀಟರಿನ ತೂತು ಮಾಡಿ, ಅದನ್ನು ಕೋಲಿನ ತುದಿಗೆ ಅಡ್ಡಲಾಗಿ, ತೂತು ಹೊರಚಾಚುವಂತೆ ಅಂಟಿಸಿ. ರಟ್ಟಿನ ನೆರಳಿನ ನಡುವೆ ಸೂರ್ಯನದೇ ಬಿಂಬವಾದ ಬೆಳಕಿನ ಪುಟ್ಟ ಬಿಲ್ಲೆಯೊಂದು ಕಾಣಿಸುತ್ತದೆ. ಅದರ ಮಧ್ಯಕ್ಕೆ ಗುರುತು ಹಾಕುತ್ತ ಹೋದರೆ ಒಂದೆರಡು ಮಿಲಿಮೀಟರಿಗಿಂತ ಹೆಚ್ಚು ತಪ್ಪಾಗದು. ಆದರೆ ಈಗ ಅಳತೆಯ ಕೇಂದ್ರ ಕೋಲಿನ ಬುಡವಲ್ಲ. ತೂತಿನಿಂದ ತೂಕುಗುಂಡನ್ನು ಇಳಿಬಿಟ್ಟಾಗ ಅದು ನೆಲವನ್ನು ಮುಟ್ಟುವ ಜಾಗ. ಎತ್ತರವನ್ನೂ ನೆಲದಿಂದ ತೂತಿನವರೆಗೆ ಅಳೆಯಬೇಕು.

ದಿಕ್ಕು ಮತ್ತು ನಡುಹಗಲು

ಬೆಳಗ್ಗೆ ಒಂಬತ್ತೂವರೆಯ ಸುಮಾರಿಗೆ ಬಿಲ್ಲೆ ಬಿದ್ದ ಜಾಗವನ್ನು ಗುರುತಿಸಿ, ಕೇಂದ್ರದಿಂದ ಅಷ್ಟೇ ದೂರಕ್ಕೆ ದಾರ ಹಿಡಿದು ಒಂದು ವೃತ್ತವನ್ನು ಎಳೆಯಿರಿ. ಸೂರ್ಯ ಮೇಲೇರಿದಂತೆ ಬಿಲ್ಲೆ ವೃತ್ತದ ಒಳಕ್ಕೆ ಸರಿಯುತ್ತದೆ; ಮಧ್ಯಾಹ್ನ ಕಳೆದ ಮೇಲೆ ಮತ್ತೆ ಹೊರಕ್ಕೆ ಹೋಗುತ್ತ ವೃತ್ತವನ್ನು ಇನ್ನೊಮ್ಮೆ ಮುಟ್ಟುತ್ತದೆ. ಅಲ್ಲಿ ಎರಡನೆಯ ಗುರುತು ಹಾಕಿ, ಎರಡನ್ನೂ ಸೇರಿಸಿದರೆ ಆ ಗೆರೆಯೇ ಪೂರ್ವ-ಪಶ್ಚಿಮ. ಬೆಳಗಿನ ಗುರುತು ಪಶ್ಚಿಮದ್ದು. ಕೇಂದ್ರದಿಂದ ಈ ಗೆರೆಗೆ ಲಂಬವಾಗಿ ಎಳೆದ ಗೆರೆ ಉತ್ತರ-ದಕ್ಷಿಣವನ್ನು ತೋರಿಸುತ್ತದೆ. ಕಾತ್ಯಾಯನ ಶುಲ್ಬಸೂತ್ರದಲ್ಲಿಯೂ ಸೂರ್ಯಸಿದ್ಧಾಂತದಲ್ಲಿಯೂ ಹೇಳಿರುವ ವಿಧಾನ ಇದೇ. ಆ ಕೋಲಿಗೆ ಶಂಕು ಎಂದು ಹೆಸರು, ಸೂರ್ಯಸಿದ್ಧಾಂತದಲ್ಲಿ ಅದರ ಎತ್ತರ ಹನ್ನೆರಡು ಅಂಗುಲ. ಕಬ್ಬಿಣದ ಸರಳುಗಳಿರುವ ತಾರಸಿಯ ಮೇಲೆ ಮೊಬೈಲಿನ ದಿಕ್ಸೂಚಿ ಅಡ್ಡಾದಿಡ್ಡಿ ತೋರಿಸುವುದುಂಟು. ನಿವೇಶನದ ದಿಕ್ಕು ನೋಡುವವರಿಗೆ ಈ ಹಳೆಯ ವೃತ್ತವೇ ಹೆಚ್ಚು ನಂಬಿಕೆಗೆ ಅರ್ಹ ಎಂಬುದು ನನ್ನ ಅಭಿಪ್ರಾಯ.

ಮರುದಿನ ಬಿಲ್ಲೆ ಉತ್ತರ-ದಕ್ಷಿಣ ಗೆರೆಯನ್ನು ದಾಟುವ ಕ್ಷಣದಲ್ಲಿ ಗಡಿಯಾರ ನೋಡಿ. ನಿಮ್ಮ ಊರಿನ ನಿಜವಾದ ನಡುಹಗಲು ಅದು. ಪತ್ರಿಕೆಯಲ್ಲಿ ಬರುವ ಸೂರ್ಯೋದಯ ಮತ್ತು ಸೂರ್ಯಾಸ್ತದ ನಟ್ಟನಡುವಿನ ವೇಳೆಯೊಡನೆ ಹೋಲಿಸಿದರೆ ನಿಮ್ಮ ಅಳತೆ ಎಷ್ಟು ಸರಿ ಎಂಬುದು ತಿಳಿಯುತ್ತದೆ.

ನೆರಳಿನ ಉದ್ದ ಹೇಳುವುದೇನು?

ನಡುಹಗಲಿನ ನೆರಳನ್ನು ವರ್ಷದುದ್ದಕ್ಕೂ ಆಗಾಗ ಅಳೆದಿಟ್ಟರೆ ಹಲವು ಸಂಗತಿಗಳು ತಾವಾಗಿಯೇ ಹೊರಬೀಳುತ್ತವೆ. ಬೆಂಗಳೂರಿನಲ್ಲಿ ಒಂದು ಮೀಟರ್ ಕೋಲಿನ ನೆರಳು ಡಿಸೆಂಬರ್ 21ರ ಸುಮಾರಿಗೆ 74 ಸೆಂಟಿಮೀಟರ್ ಇದ್ದು ಉತ್ತರಕ್ಕೆ ಚಾಚಿರುತ್ತದೆ. ಮರುದಿನಗಳಿಂದಲೇ ಅದು ಕುಗ್ಗತೊಡಗುತ್ತದೆ. ಅಂದರೆ ಸೂರ್ಯ ಉತ್ತರಕ್ಕೆ ತಿರುಗುವುದು ಆಗಲೇ, ಜನವರಿಯ ಮಕರ ಸಂಕ್ರಾಂತಿಯಂದಲ್ಲ. ಭೂಮಿಯ ಅಕ್ಷ ನಿಧಾನವಾಗಿ ದಿಕ್ಕು ಬದಲಿಸುವುದರಿಂದ, ನಕ್ಷತ್ರಗಳನ್ನು ಆಧರಿಸಿದ ನಮ್ಮ ಸಂಕ್ರಾಂತಿ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಹಿಂದೆ ಬಿದ್ದಿದೆ. ಸುಮಾರು 1700 ವರ್ಷಗಳ ಹಿಂದೆ ಇವೆರಡೂ ಒಂದೇ ಕಾಲಕ್ಕೆ ಬರುತ್ತಿದ್ದವು.

ಮಾರ್ಚ್ 20 ಅಥವಾ 21ರಂದು, ಹಾಗೆಯೇ ಸೆಪ್ಟೆಂಬರ್ 22 ಅಥವಾ 23ರಂದು, ನೆರಳು 23 ಸೆಂಟಿಮೀಟರಿಗೆ ಇಳಿದಿರುತ್ತದೆ. ಈ ದಿನಗಳಲ್ಲಿ ಸೂರ್ಯ ಭೂಮಧ್ಯರೇಖೆಯ ಮೇಲಿರುವುದರಿಂದ ನಿಮ್ಮ ಊರಿನ ಅಕ್ಷಾಂಶ ನೇರವಾಗಿ ಸಿಗುತ್ತದೆ: ನೆರಳಿನ ಉದ್ದವನ್ನು ಎತ್ತರದಿಂದ ಭಾಗಿಸಿ, ಮೊಬೈಲಿನ ಕ್ಯಾಲ್ಕ್ಯುಲೇಟರಿನಲ್ಲಿ ಅದರ ಟ್ಯಾನ್ ಇನ್ವರ್ಸ್ ಕಂಡುಕೊಂಡರೆ 0.23ಕ್ಕೆ ಸುಮಾರು 13 ಡಿಗ್ರಿ ಎಂದು ಬರುತ್ತದೆ. ಬೆಂಗಳೂರಿನ ಅಕ್ಷಾಂಶ 12.97.

ನೆರಳು ಪೂರ್ತಿ ಬುಡ ಸೇರುವ ಶೂನ್ಯ ನೆರಳಿನ ದಿನ ಬೆಂಗಳೂರಿಗೆ ಬರುವುದು ಏಪ್ರಿಲ್ 24ರ ಸುಮಾರಿಗೆ 12.17ಕ್ಕೆ ಮತ್ತು ಆಗಸ್ಟ್ 18ರ ಸುಮಾರಿಗೆ 12.24ಕ್ಕೆ. ಉತ್ತರಕ್ಕೆ ಹೋದಂತೆ ಮೊದಲ ದಿನ ಮುಂದೂಡುತ್ತದೆ: ಮೈಸೂರಿಗೆ ಏಪ್ರಿಲ್ 22ರ ಆಸುಪಾಸು, ಹುಬ್ಬಳ್ಳಿಗೆ ಮೇ ಆರಂಭದಲ್ಲಿ, ಬೀದರಿಗೆ ಮೇ ಎರಡನೆಯ ವಾರದಲ್ಲಿ. ಆಗಸ್ಟಿನಲ್ಲಿ ಮಲೆನಾಡು ಮತ್ತು ಕರಾವಳಿಯವರಿಗೆ ಬಿಸಿಲು ಸಿಗುವುದೇ ಅಪರೂಪವಾದ್ದರಿಂದ ಅವರು ಏಪ್ರಿಲ್-ಮೇ ತಿಂಗಳನ್ನೇ ನೆಚ್ಚಿಕೊಳ್ಳಬೇಕು. ಒಂದು ದಿನ ತಪ್ಪಿಹೋದರೂ ನಿರಾಶರಾಗಬೇಕಿಲ್ಲ. ಹಿಂದಿನ ಅಥವಾ ಮುಂದಿನ ದಿನ ಒಂದು ಮೀಟರ್ ಕೋಲಿಗೆ ಬೀಳುವ ನೆರಳು ಐದಾರು ಮಿಲಿಮೀಟರ್ ಮಾತ್ರ, ಅದು ಮಸುಕಿನಲ್ಲಿಯೇ ಮುಚ್ಚಿಹೋಗುತ್ತದೆ. ಗ್ರಹಣದ ದಿನ ಹರಿವಾಣದಲ್ಲಿ ನಿಲ್ಲಿಸುವ ಒನಕೆ ಬೇರೆ ದಿನಗಳಲ್ಲೂ ನಿಲ್ಲುತ್ತದೆ, ಆದರೆ ಈ ನೆರಳು ಮಾತ್ರ ಹೇಳಿದ ದಿನಕ್ಕೇ ಮಾಯವಾಗುತ್ತದೆ.

ಈ ಎರಡು ದಿನಗಳ ನಡುವಿನ ಸುಮಾರು ನಾಲ್ಕು ತಿಂಗಳ ಕಾಲ ಬೆಂಗಳೂರಿನಲ್ಲಿ ನಡುಹಗಲಿನ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಜೂನ್ 21ರಂದು ಅದು 18 ಸೆಂಟಿಮೀಟರ್ ಮುಟ್ಟುತ್ತದೆ. ಉತ್ತರದ ಕಿಟಕಿಗೆ ಬಿಸಿಲು ಬರುವುದಿಲ್ಲವೆಂದು ಸಜ್ಜಾ ಬಿಡದೆ ಮನೆ ಕಟ್ಟಿಸುವವರು ಇದನ್ನು ಗಮನಿಸಬೇಕು. ದೆಹಲಿಯಲ್ಲಿ ಹೀಗಾಗುವುದೇ ಇಲ್ಲ, ಏಕೆಂದರೆ ಸೂರ್ಯ 23.4 ಡಿಗ್ರಿಯ ಕರ್ಕಾಟಕ ಸಂಕ್ರಾಂತಿ ವೃತ್ತವನ್ನು ದಾಟಿ ಉತ್ತರಕ್ಕೆ ಹೋಗುವುದಿಲ್ಲ. ಆ ವೃತ್ತದಿಂದ ಸ್ವಲ್ಪವೇ ಆಚೆಗಿರುವ ದುಬೈಯ ಕನ್ನಡಿಗರು ಜೂನ್ 21ರಂದು ಇದೇ ಕೋಲನ್ನು ನಿಲ್ಲಿಸಿದರೆ ಮೂರು ಸೆಂಟಿಮೀಟರ್ ನೆರಳು ಉಳಿದೇ ಉಳಿಯುತ್ತದೆ. ಲಂಡನ್ನಿನಲ್ಲಿರುವವರಿಗೆ ಡಿಸೆಂಬರ್ ನಡುಹಗಲಿನ ನೆರಳು ಮೂರೂವರೆ ಮೀಟರನ್ನೂ ಮೀರುತ್ತದೆ.

ಇಬ್ಬರು ಸೇರಿ ಭೂಮಿಯನ್ನು ಅಳೆಯುವುದು

ಕ್ರಿ.ಪೂ. 3ನೆಯ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿದ್ದ ಗ್ರೀಕ್ ವಿದ್ವಾಂಸ ಎರಟೊಸ್ಥನೀಸ್, ದಕ್ಷಿಣದ ಸಯೀನ್ ಪಟ್ಟಣದಲ್ಲಿ, ಅಂದರೆ ಇಂದಿನ ಅಸ್ವಾನಿನಲ್ಲಿ, ನೆರಳು ಬೀಳದ ದಿನ ತನ್ನೂರಿನಲ್ಲಿ ಸೂರ್ಯ ನೆತ್ತಿಯಿಂದ ವೃತ್ತದ ಐವತ್ತನೆಯ ಒಂದು ಭಾಗದಷ್ಟು ಸರಿದಿರುವುದನ್ನು ಕಂಡುಕೊಂಡನು. ಎರಡು ಊರುಗಳ ನಡುವಿನ ದೂರ 5000 ಸ್ಟೇಡಿಯಾ (ಗ್ರೀಕರು ದೂರಕ್ಕೆ ಬಳಸುತ್ತಿದ್ದ ಅಳತೆ) ಎಂದು ಹಿಡಿದು, ಅದನ್ನು ಐವತ್ತರಿಂದ ಗುಣಿಸಿ ಭೂಮಿಯ ಸುತ್ತಳತೆಯನ್ನು ಹೇಳಿದನು. ಆ ಎರಡು ಊರುಗಳು ಒಂದೇ ರೇಖಾಂಶದಲ್ಲಿ ಇರಲಿಲ್ಲ, ಸುಮಾರು ಮೂರು ಡಿಗ್ರಿಯ ವ್ಯತ್ಯಾಸವಿತ್ತು. ನಮ್ಮಲ್ಲಿ ಅದಕ್ಕಿಂತ ಒಳ್ಳೆಯ ಜೋಡಿಯಿದೆ: ಮೈಸೂರು ಮತ್ತು ಕಲಬುರಗಿ. ಇವುಗಳ ರೇಖಾಂಶದ ವ್ಯತ್ಯಾಸ 0.2 ಡಿಗ್ರಿಗಿಂತ ಕಡಿಮೆ, ನಡುಹಗಲಿನ ವ್ಯತ್ಯಾಸ ಒಂದು ನಿಮಿಷದೊಳಗೆ, ನೇರ ಅಂತರ ಸುಮಾರು 557 ಕಿಲೋಮೀಟರ್.

ಎರಡೂ ಊರುಗಳಲ್ಲಿ ಒಬ್ಬೊಬ್ಬರು ಒಂದೇ ದಿನ ನಡುಹಗಲಿನ ನೆರಳನ್ನು ಅಳೆದು ಕೋನವನ್ನು ಕಂಡುಕೊಳ್ಳಬೇಕು. ದಿನ ಯಾವುದಾದರೂ ಆಗಬಹುದು. ಆದರೆ ಒಂದೂರಿನ ನೆರಳು ಉತ್ತರಕ್ಕೂ ಇನ್ನೊಂದರದು ದಕ್ಷಿಣಕ್ಕೂ ಬಿದ್ದಿದ್ದರೆ ಕೋನಗಳನ್ನು ಕಳೆಯದೆ ಕೂಡಿಸಬೇಕು. ಮಾರ್ಚ್ 20ರಂದು ಅಳೆದರೆ ಮೈಸೂರಿನ ನೆರಳು ಸುಮಾರು 21.8, ಕಲಬುರಗಿಯದು 31.2 ಸೆಂಟಿಮೀಟರ್ ಇದ್ದು, ಕೋನಗಳು 12.3 ಮತ್ತು 17.3 ಡಿಗ್ರಿ ಆಗುತ್ತವೆ. ವ್ಯತ್ಯಾಸ 5 ಡಿಗ್ರಿ, ಅಂದರೆ ಪೂರ್ಣ ವೃತ್ತದ 72ನೆಯ ಒಂದು ಭಾಗ. 557ನ್ನು 72ರಿಂದ ಗುಣಿಸಿದಾಗ 40,104 ಕಿಲೋಮೀಟರ್ ಬರುತ್ತದೆ. ಧ್ರುವಗಳ ಮೂಲಕ ಭೂಮಿಯ ಸುತ್ತಳತೆ 40,008. ಇಬ್ಬರಲ್ಲಿ ಒಬ್ಬರು ನೆರಳನ್ನು ಒಂದೇ ಒಂದು ಸೆಂಟಿಮೀಟರ್ ತಪ್ಪಾಗಿ ಅಳೆದರೂ ಉತ್ತರ ಸುಮಾರು ನಾಲ್ಕು ಸಾವಿರ ಕಿಲೋಮೀಟರ್ ಅತ್ತಿತ್ತ ಆಗುವುದರಿಂದ, ತೂತಿನ ರಟ್ಟನ್ನೂ ತೂಕುಗುಂಡನ್ನೂ ಎರಡೂ ಊರುಗಳಲ್ಲಿ ಬಳಸಲೇಬೇಕು.